ತೂಕ ಕಡಿಮೆಯಾದ ಲ್ಯಾಪ್‌ಟಾಪ್

ನಮ್ಮ ಮಾವನವರು ದೇವರನ್ನು ಬಿಟ್ಟರೆ ನಂಬುತ್ತಿದ್ದುದು ತಕ್ಕಡಿಯನ್ನು. ಇಳಕಲ್ಲಿನಲ್ಲಿ ನೇಕಾರರಿಗೆ ರೇಷ್ಮೆ ನೂಲು ಕೊಟ್ಟು ಸೀರೆ ನೇಯಿಸುವುದು ನನ್ನ ಗಂಡನ ಮನೆಯ ಕಸುಬು. ಹೋಗುವ ನೂಲನ್ನು ತೂಗಿ ಕೊಡುವುದು, ಸೀರೆಯಾಗಿ ಬಂದದ್ದನ್ನು ತೂಗಿ ಇಸಿದುಕೊಳ್ಳುವುದು. ನೀರು ಚಿಮುಕಿಸಿ ತೂಕ ಸರಿಮಾಡಿ ತರುವವರನ್ನೂ ಕಂಡಿದ್ದರಿಂದ, ತೂಗುವ ಮೊದಲು ಮಾವನವರು ಸೀರೆಯ ಮಡಿಕೆಯೊಳಗೆ ಕೈ ಹಾಕಿ ತೇವ ನೋಡುತ್ತಿದ್ದರು. ಗಿರಣಿಗೆ ಹೋಗುವ ಜೋಳಕ್ಕೂ ಇದೇ ಮರ್ಯಾದೆ.

ಹೀಗಾಗಿ ನಾನು ಲ್ಯಾಪ್‌ಟಾಪನ್ನು ರಿಪೇರಿಗೆ ಒಯ್ಯಲು ಹೊರಟಾಗ ಅವರು, "ತಡಿಯವ್ವಾ, ಒಮ್ಮಿ ತೂಗಿಬಿಡೂಣು" ಎಂದು ಅದನ್ನು ತಕ್ಕಡಿಗೆ ಇಟ್ಟದ್ದರಲ್ಲಿ ಆಶ್ಚರ್ಯವೇನಿರಲಿಲ್ಲ. ನನಗೆ ಸಿಟ್ಟು ಮಾತ್ರ ಬಂತು.

ಆ ಲ್ಯಾಪ್‌ಟಾಪ್ ನನ್ನ ಅಣ್ಣ ಬಳಸಿ ಕೊಟ್ಟದ್ದು. ಪೆನ್‌ಡ್ರೈವ್ ಇನ್ನೂ ನಮ್ಮಂಥವರ ಕೈಗೆ ಬಂದಿರದ ಕಾಲ ಅದು. ಮದುವೆಗೆ ಮೊದಲು ಬಾಗಲಕೋಟೆಯಲ್ಲಿ ಕಂಪ್ಯೂಟರ್ ಕಲಿತಿದ್ದ ನಾನು ಅದರಲ್ಲಿ ಸೀರೆಯ ದಡಿಗೆ ಹೊಸ ನಕ್ಷೆಗಳನ್ನು ಬಿಡಿಸುತ್ತಿದ್ದೆ. ದಡಿ ಎಂದರೆ ಸೀರೆಯ ಅಂಚು, ಇಳಕಲ್ ಸೀರೆಯ ಮಾನವೆಲ್ಲ ಅದರಲ್ಲೇ ಇರುವುದು. ಚಳಿಗಾಲ ಪೂರ್ತಿ ಕೂತು ಬಿಡಿಸಿದ್ದೆ. ಮಾವನವರಿಗೆ ಮಾತ್ರ ಅದು ಆಟ. "ಮೀನ, ಹೂವ ಬಿಡಿಸಿ ಆಟ ಆಡಾಕ ಹತ್ಯಾಳ" ಎನ್ನುತ್ತಿದ್ದರು. ವೈರಸ್ ಹೊಕ್ಕು ಲ್ಯಾಪ್‌ಟಾಪ್ ತೆವಳತೊಡಗಿದಾಗ ಅವರು ಖಡಾಖಂಡಿತವಾಗಿ ಹೇಳಿದ್ದರು: "ಇದs ಕಡೀ ಸಲ. ಇದರಾಗಿಂದು ಏನರ ಹಾಳಾತಂದ್ರ ಡಬ್ಬಿ ಅಟ್ಟದ ಮ್ಯಾಲ, ನೀ ಅಡಗಿ ಮನ್ಯಾಗ." ನನ್ನವರು ಅಪ್ಪನ ಎದುರು ಉಸಿರೆತ್ತುವವರಲ್ಲ. ನಕ್ಷೆ ಹೋದರೆ ನನ್ನ ಕೆಲಸವೂ ಹೋದಂತೆಯೇ.

ರಿಪೇರಿಯಲ್ಲಿ ಒಳಗಿನದೆಲ್ಲ ಅಳಿಸಿ ಹೋಗುತ್ತದೆ. ಅದಕ್ಕೇ ಎಲ್ಲ ನಕ್ಷೆಗಳನ್ನೂ ಸಿ.ಡಿ.ಗೆ ನಕಲು ಮಾಡಿ ಕಪಾಟಿನಲ್ಲಿಟ್ಟು, ಹುನಗುಂದದ ಮೇಲೆ ಹೋಗುವ ಬಸ್ಸು ಹಿಡಿದು ಬಾಗಲಕೋಟೆಗೆ ಹೋದೆ. ವಿದ್ಯಾಗಿರಿ ಬಡಾವಣೆಯ ಕಂಪ್ಯೂಟರ್ ಅಂಗಡಿಯವನು ಭಾರಿ ಸಿಹಿ ಮಾತಿನವನು. "ಅಕ್ಕಾರ, ನೀವು ಆರಾಮ ಚಾ ಕುಡದು ಬರ್ರಿ, ಹೊಸಾ ಸಿಸ್ಟಮ್ ಹಾಕಿ ಇಟ್ಟಿರ್ತೇನಿ" ಎಂದ. ಚಹಾ ಕುಡಿದೆ, ತವರುಮನೆಗೆ ಹೋಗಿ ಊಟವನ್ನೂ ಮಾಡಿ ಬಂದೆ. ಲ್ಯಾಪ್‌ಟಾಪ್ ಹೊಸದರಂತೆ ಓಡುತ್ತಿತ್ತು.

ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ ಅದು ಮತ್ತೆ ತಕ್ಕಡಿಯಲ್ಲಿತ್ತು. ಲ್ಯಾಪ್‌ಟಾಪಿನ ತಟ್ಟೆ, ಮೊದಲ ಸಲದ ತೂಕದ ಬಟ್ಟುಗಳೇ ಎದುರಿಗಿದ್ದರೂ, ಸ್ವಲ್ಪ ಮೇಲೆಯೇ ನಿಂತಿತು.

"ಕಡಿಮಿ ಐತಿ. ಏನೋ ತಗದಾನ ಮಗಾ."

"ಧೂಳ ತಗದಿರಬೇಕ್ರಿ ಮಾವಾರ."

"ಇಷ್ಟ ಧೂಳ ಇತ್ತಂದ್ರ ಅದು ಡಬ್ಬಿ ಅಲ್ಲವ್ವಾ, ಹೊಲ."

ನಾನು ನಕ್ಕುಬಿಟ್ಟೆ. ಕಪಾಟಿನ ಸಿ.ಡಿ. ಹಾಕುವವರೆಗೂ ಆ ನಗು ಇತ್ತು. ಡ್ರೈವ್ ಗರ್ರೆಂದು ತಿರುಗಿತು, ನಿಂತಿತು, ದಯವಿಟ್ಟು ಡಿಸ್ಕ್ ಹಾಕಿ ಎಂದು ಪರದೆಯ ಮೇಲೆ ಬರೆಯಿತು. ಹಾಕಿದ್ದೇನಲ್ಲ! ತೆಗೆದು ಒರೆಸಿ ಮತ್ತೆ ಹಾಕಿದೆ. ಬಂದ್ ಮಾಡಿ ಮತ್ತೆ ಶುರು ಮಾಡಿದೆ. ಅಂಗಡಿಯಿಂದ ಕೊಂಡ ಭಜನೆಯ ಸಿ.ಡಿ. ಹಾಕಿದರೆ ತಕ್ಷಣ ಹಾಡತೊಡಗಿತು. ನನ್ನದನ್ನು ಹಾಕಿದರೆ ಮತ್ತೆ ಅದೇ ಮಾತು. ಯಂತ್ರದ ಭಾಗಗಳ ಪಟ್ಟಿ ತೆರೆದು ನೋಡಿದೆ. ಡ್ರೈವಿನ ಹೆಸರೇನೋ ಇತ್ತು. ಆದರೆ ಮೊದಲು ಇದ್ದುದು ಇದೇ ಹೆಸರೋ? ನಾನು ಯಾವತ್ತು ನೋಡಿದ್ದೆ?

ಸಂಶಯ ಒಮ್ಮೆ ಹೊಕ್ಕರೆ ಮುಗಿಯಿತು. ಲ್ಯಾಪ್‌ಟಾಪನ್ನು ಬೋರಲು ಹಾಕಿ ನೋಡಿದರೆ ಒಂದು ಸ್ಕ್ರೂವಿನ ತಲೆ ಹೊಸದಾಗಿ ಗೀಚಿದಂತೆ ಕಂಡಿತು. ಅವನು ನನ್ನನ್ನು ಚಹಾಕ್ಕೆ ಕಳಿಸಿದ್ದೇಕೆ? ನನ್ನ ಒಳ್ಳೆಯ ಡ್ರೈವ್ ಕಿತ್ತು, ಯಾವುದೋ ಸೋತ ಡ್ರೈವ್ ತುರುಕಿದ್ದಾನೆ. ತುರುಕಿದ್ದು ಹಗುರಾಗಿಯೂ ಇದೆ! ಊರಿನಲ್ಲಿ ಬೇರೆಯವರ ಕಂಪ್ಯೂಟರಿಗೆ ಹಾಕಿ ನೋಡೋಣವೆಂದರೆ ಅವರು ನಕ್ಷೆ ಕದ್ದಾರೆಂಬ ಭಯ. ಮಾವನವರ ರೋಗ ನನಗೂ ಅಂಟಿತ್ತು.

ಮರುದಿನ ಲ್ಯಾಪ್‌ಟಾಪ್, ಸಿ.ಡಿ. ಹಿಡಿದು ಇಬ್ಬರೂ ಬಾಗಲಕೋಟೆಗೆ ಹೊರಟೆವು. ಮಾವನವರು ತಕ್ಕಡಿ, ಬಟ್ಟು ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಬಂದರು. "ಯಜಮಾನ್ರ, ಏನ್ ಮಾರಾಕ ಹೊಂಟೀರಿ?" ಎಂದು ಕಂಡಕ್ಟರ್ ಕೇಳಿದಾಗ ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಅಂಗಡಿಯ ಮೇಜಿನ ಮೇಲೆ ತಕ್ಕಡಿ ಹೂಡಿ ಮಾವನವರು ಲ್ಯಾಪ್‌ಟಾಪ್ ತೂಗಿದಾಗ ಅಲ್ಲಿದ್ದ ಗಿರಾಕಿಗಳೆಲ್ಲ ಸುತ್ತ ನೆರೆದರು. ಡ್ರೈವ್ ನನ್ನ ಸಿ.ಡಿ.ಯನ್ನು ಓದುತ್ತಿಲ್ಲ ಎಂದು ನಾನು ಹೇಳಿದ್ದೇ ಅಂಗಡಿಯವನ ಸಿಹಿ ಮಾತು ಮುಗಿಯಿತು.

"ನಿಮ್ಮ ಸಿ.ಡಿ.ನs ಕೆಟ್ಟೈತ್ರಿ. ನನ್ನ ಮ್ಯಾಲ್ಯಾಕ ಹಾಕ್ತೀರಿ?"

"ಸಿ.ಡಿ. ಮಾತ ಆಮ್ಯಾಲ. ಈ ತೂಕ ಎಲ್ಲಿ ಹೋತು, ಅದನ್ನ ಹೇಳು" ಎಂದರು ಮಾವ.

"ನಾ ಏನ್ ಕಳ್ಳ ಏನ್ರಿ? ನೋಡ್ರಿ, ಎಲ್ಲಾ ನೋಡ್ರಿ!" ಎಂದು ಅವನು ಮೇಜಿನ ಡ್ರಾಯರ್ ಎಳೆದು ನಮ್ಮ ಮುಂದೆ ಹಿಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಇದೇ ಎಂದು ನನಗೆ ಖಾತ್ರಿಯಾಯಿತು.

ಡ್ರಾಯರಿನಲ್ಲಿ ಸ್ಕ್ರೂಗಳು, ವೈರುಗಳು, ಹಾಗೇ ಬಿಸಾಡಿದ ಸಿ.ಡಿ.ಗಳು. ಮೇಲಿನ ಸಿ.ಡಿ.ಯ ಮೇಲೆ ನೀಲಿ ಶಾಯಿಯ ಕೈಬರಹವಿತ್ತು. ಅದು ನನ್ನ ಅಣ್ಣನದು! ಸಿ.ಡಿ. ಬರೆಯುವ ಪ್ರೋಗ್ರಾಮನ್ನು ಅವನು ಅದರಲ್ಲಿ ಹಾಕಿ ಕೊಟ್ಟಿದ್ದ. ನಕಲು ಮುಗಿದ ಮೇಲೆ, ಹೊಸ ಸಿಸ್ಟಮ್ ಹಾಕಿದಾಗ ಇದೂ ಬೇಕಾದೀತು ಎಂದು ಅದನ್ನು ಡ್ರೈವಿನೊಳಗೇ ಇಟ್ಟು ಮರೆತಿದ್ದೆ. ತೂಗಿದಾಗ ಅದು ಒಳಗಿತ್ತು. ಅಂಗಡಿಯವನು ತನ್ನ ಸಿ.ಡಿ. ಹಾಕಲು ಅದನ್ನು ತೆಗೆದು ಡ್ರಾಯರಿಗೆ ಎಸೆದು ತಾನೂ ಮರೆತಿದ್ದ.

ಮಾವನವರು ಅದನ್ನು ಇಸಿದುಕೊಂಡು ಲ್ಯಾಪ್‌ಟಾಪಿನ ಮೇಲಿಟ್ಟರು. ತಟ್ಟೆಗಳು ಸಮನಾದವು.

ನನಗೆ ಆಗ ಹೊಳೆದದ್ದು ಬೇರೆ. ಆ ಪ್ರೋಗ್ರಾಮು ಬರೆದದ್ದನ್ನು ಓದಲೂ ಅದೇ ಪ್ರೋಗ್ರಾಮು ಬೇಕಾಗಿರಬಹುದಲ್ಲ! ಹಳೆಯ ಸಿಸ್ಟಮಿನ ಜೊತೆಗೆ ಅದೂ ಅಳಿಸಿ ಹೋಗಿತ್ತು. "ಸರೀರಿ ಅತ್ಲಾಗ" ಎಂದು ಅಂಗಡಿಯವನ ಕುರ್ಚಿಯಲ್ಲಿ ನಾನೇ ಕೂತೆ. ಅಣ್ಣನ ಸಿ.ಡಿ. ಹಾಕಿ ಪ್ರೋಗ್ರಾಮನ್ನು ಇಳಿಸಿದೆ. ನನ್ನ ಸಿ.ಡಿ. ಹಾಕಿದೆ. ಡ್ರೈವ್ ಗರ್ರೆಂದಿತು, ನಿಂತಿತು, ಮತ್ತೆ ತಿರುಗಿತು. ಕೊನೆಗೆ ಒಂದರ ಹಿಂದೊಂದು ನಕ್ಷೆಗಳ ಹೆಸರು ಸಾಲಾಗಿ ಬಂದವು.

ಮೊದಲನೆಯದನ್ನು ತೆರೆದೆ. ಕೆಂಪು ದಡಿಯ ಮೇಲೆ ಸಾಲು ಮೀನು, ನಡುನಡುವೆ ಹೂವು. ಪರದೆಯ ತುಂಬ ತುಂಬಿಕೊಂಡಿತು. "ಆಹಾ, ಚಲೋ ಐತಲ್ರಿ!" ಎಂದು ಗಿರಾಕಿಯೊಬ್ಬ ಬಗ್ಗಿದ. ಅಂಗಡಿಯವನೂ ಸಿಟ್ಟು ಮರೆತು ಕತ್ತು ಚಾಚಿದ.

ಅಷ್ಟರಲ್ಲಿ ಮಾವನವರು ಹೆಗಲ ಮೇಲಿನ ವಲ್ಲಿಯನ್ನು ಎಳೆದು ಪರದೆಯ ಮೇಲೆ ಹೊದಿಸಿಬಿಟ್ಟರು. ಎಲ್ಲರಿಗೂ ಬೆನ್ನು ಮಾಡಿ ಅಡ್ಡ ನಿಂತು, ನನ್ನ ಕಿವಿಯ ಹತ್ತಿರ ಬಗ್ಗಿ ಗದರಿದರು:

"ಮುಚ್ಚವ್ವಾ ಲಗೂನ! ಬುದ್ಧಿ ಐತಿಲ್ಲ ನಿನಗ? ಇಂಥಾ ದಡಿ ಮಂದಿಗಿ ತೋರಸ್ತಾರೇನು, ಕದ್ದಬಿಡ್ತಾರ!"

ಬೈಸಿಕೊಂಡು ಅಷ್ಟು ಸಂತೋಷವಾದದ್ದು ಆ ಮನೆಯಲ್ಲಿ ನನಗೆ ಅದೇ ಮೊದಲು.