ಜುಗ್ಗಕ್ಕ ಕೆರೆ ದಾಟಿದ್ದು

ಇಸ್ತ್ರಿ ಅಂಗಡಿಯ ಆ ಹೆಂಗಸಿಗೆ ಬೀದಿಯವರು ಇಟ್ಟ ಹೆಸರು ಜುಗ್ಗಕ್ಕ. ಪ್ಯಾಂಟು, ಶರ್ಟುಗಳನ್ನೆಲ್ಲ ಮುಗಿಸಿ ಸ್ವಿಚ್ ಆರಿಸಿದ ಮೇಲೆ, ಇಸ್ತ್ರಿಪೆಟ್ಟಿಗೆಯಲ್ಲಿ ಉಳಿದ ಬಿಸಿಯಲ್ಲೇ ಕರವಸ್ತ್ರಗಳನ್ನು ಉಜ್ಜುತ್ತಿದ್ದಳು. ಬಟ್ಟೆಗಂಟಿಗೆ ಕಟ್ಟಿ ಬಂದ ದಾರ ಕತ್ತರಿ ಕಾಣುತ್ತಿರಲಿಲ್ಲ. ಬಿಚ್ಚಿ, ಉಂಡೆ ಸುತ್ತಿ ಇಡುತ್ತಿದ್ದಳು.

ಗಂಡ ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಪದ ತಪ್ಪಿದರೆ ಅವನಿಗೆ ಊಟ ಸೇರದು.

“ಜುಗ್ಗ ಅಂದ್ರೆ ಬೇಕಾದಾಗ್ಲೂ ಕೈ ಬಿಚ್ಚದವ್ನು. ಇವ್ಳು ಬೇಡದ ಕಡೆ ಮಾತ್ರ ಬಿಚ್ಚಲ್ಲ. ಅದಕ್ಕೆ ಮಿತವ್ಯಯ ಅನ್ನಬೇಕು,” ಎಂದು ತಂಗಿಯನ್ನು ತಿದ್ದುತ್ತಿದ್ದ.

ತಂಗಿ ಸೋಲುವವಳಲ್ಲ. “ಆಯ್ತಣ್ಣ, ನಾಳೆಯಿಂದ ಮಿತವ್ಯಯಕ್ಕಾ ಅಂತ್ಲೇ ಕೂಗ್ತೀವಿ. ಕೂಗಿ ಮುಗಿಸೋಷ್ಟರಲ್ಲಿ ಅತ್ತಿಗೆ ಅಂಗಡಿ ಬಾಗಿಲು ಹಾಕಿರ್ತಾರೆ!”

ಎಲ್ಲರ ಜೊತೆ ಜುಗ್ಗಕ್ಕನೂ ನಗುತ್ತಿದ್ದಳು. ಆದರೆ ಒಳಗೊಳಗೇ ಚುಚ್ಚುತ್ತಿತ್ತು. ಇದೇ ನಾದಿನಿ ಕಾಯಿಲೆ ಬಿದ್ದಾಗ ಅಂಗಡಿ ಮುಚ್ಚಿ ಆಸ್ಪತ್ರೆಯಲ್ಲಿ ಕೂತವಳು ಅವಳು. ಅದಕ್ಕೆ ಮಾತ್ರ ಯಾರೂ ಅವಳಿಗೊಂದು ಹೆಸರಿಟ್ಟಿರಲಿಲ್ಲ.

ದಿನವಿಡೀ ನಿಂತು ನಿಂತು ಮಂಡಿ ಹಿಡಿದುಕೊಂಡಿತು. ಈಜಿದರೆ ಒಳ್ಳೆಯದು ಎಂದರು ಡಾಕ್ಟರು. ಹೊಳೆದಂಡೆಯಲ್ಲಿ ಬೆಳೆದವಳಿಗೆ ನೀರೇನೂ ಹೊಸದಲ್ಲ. ಬೆಳಗ್ಗೆ ಅಂಗಡಿ ತೆರೆಯುವ ಮುಂಚೆ ಬೀದಿಯ ಹಿಂದಿನ ಕೆರೆಗೆ ಇಳಿಯತೊಡಗಿದಳು. ಒಮ್ಮೆ ಕೈ ಎಳೆದರೆ ಅದರ ಓಘ ಪೂರ್ತಿ ಕರಗುವ ತನಕ ಇನ್ನೊಂದು ಕೈ ಎತ್ತುತ್ತಿರಲಿಲ್ಲ. ನೀರು ಸಿಡಿಯುತ್ತಿರಲಿಲ್ಲ, ಸದ್ದೂ ಇಲ್ಲ.

“ಈಜೋದ್ರಲ್ಲೂ ಜುಗ್ಗತನವಾ ಅತ್ತಿಗೆ!” ಎಂದಳು ನಾದಿನಿ, ದಡದಲ್ಲಿ ಟವೆಲ್ ಹಿಡಿದು.

ಆ ವರ್ಷದ ಹೆಂಗಸರ ಕೆರೆ ದಾಟುವ ಪಂದ್ಯಕ್ಕೆ ಜುಗ್ಗಕ್ಕ ಹೆಸರು ಕೊಟ್ಟಳೆಂಬ ಸುದ್ದಿಗೆ ಬೀದಿಯೆಲ್ಲ ಮೂಗಿನ ಮೇಲೆ ಬೆರಳಿಟ್ಟಿತು. ಗೆಲ್ಲುವವಳು ಯಾರೆಂದು ಮೊದಲೇ ತೀರ್ಮಾನವಾಗಿತ್ತು: ಶಾಲೆಯ ಆಟದ ಟೀಚರು, ಕಟ್ಟುಮಸ್ತಾದ ಹುಡುಗಿ.

ಸೀಟಿ ಊದಿದ್ದೇ ತಡ, ಟೀಚರು ಬಾಣದಂತೆ ಹೋದಳು. ಉಳಿದವರು ಅವಳ ಬೆನ್ನಿಗೆ ಬಿದ್ದರು. ಜುಗ್ಗಕ್ಕ ಎಲ್ಲರಿಗಿಂತ ಹಿಂದೆ. ದಡದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕೆರೆಯ ನಡು ಮುಟ್ಟುವಷ್ಟರಲ್ಲಿ ಎದುರುಗಾಳಿ ಎದ್ದಿತು. ಅಲೆಗಳು ಮುಖಕ್ಕೆ ಹೊಡೆಯತೊಡಗಿದವು. ಮುಂದಿದ್ದವರು ಒಬ್ಬೊಬ್ಬರಾಗಿ ಏದುಸಿರು ಬಿಡುತ್ತ ಕಾವಲಿಗೆ ಬರುತ್ತಿದ್ದ ದೋಣಿಯ ಅಂಚು ಹಿಡಿದರು.

ಅಂಬಿಗ ಅವಳ ಪಕ್ಕಕ್ಕೂ ಬಂದ. “ಹತ್ತಿ ಬಿಡಿ ಅಕ್ಕ, ಗಾಳಿ ಜೋರಾಗಿದೆ.”

“ನನ್ ಹತ್ರ ಇನ್ನೂ ಇದೆ ಕಣಪ್ಪ,” ಎಂದಳು, ಅದೂ ಉಸಿರು ಬಿಡುವ ಸಂದಿನಲ್ಲಿ.

ಇದ್ದದ್ದು ನಿಜ. ಇಷ್ಟು ಹೊತ್ತು ಉಳಿಸಿಕೊಂಡದ್ದನ್ನೆಲ್ಲ ಈಗ ತೆಗೆದಳು. ಕೈಗಳು ಬೀಸಿದವು, ಕಾಲುಗಳು ಬಡಿದವು, ಕೆರೆ ನೊರೆಯೆದ್ದಿತು. ಮುಂದೆ ಉಳಿದಿದ್ದವಳು ಟೀಚರು ಒಬ್ಬಳೇ. ಅವಳ ತೋಳು ಸೋತಿತ್ತು. ಆಚೆ ದಡ ಹತ್ತಿರವಾದಾಗ ಇಬ್ಬರೂ ಸಮ. ಆಮೇಲೆ ಜುಗ್ಗಕ್ಕ ಒಂದು ತಲೆ ಮುಂದೆ, ಒಂದು ಆಳುದ್ದ ಮುಂದೆ.

“ಖರ್ಚು ಮಾಡಿ ಅತ್ತಿಗೆ! ಎಲ್ಲಾ ಖರ್ಚು ಮಾಡ್ಬಿಡಿ!” ಆಚೆ ದಡದಲ್ಲಿ ಕಾದಿದ್ದ ನಾದಿನಿ ಗಂಟಲು ಹರಿಯುವಂತೆ ಕಿರುಚುತ್ತಿದ್ದಳು.

ಮೊದಲು ಕಲ್ಲಿನ ಮೆಟ್ಟಿಲು ಮುಟ್ಟಿದ್ದು ಜುಗ್ಗಕ್ಕನ ಕೈ. ಹತ್ತಲು ಕಾಲಲ್ಲಿ ಕಸುವಿರಲಿಲ್ಲ. ಅಲ್ಲೇ ಕೂತು ಹಿಂದೆ ಬಂದ ಟೀಚರಿಗೆ ಕೈಕೊಟ್ಟು ಎಳೆದುಕೊಂಡಳು. ಇಬ್ಬರೂ ಒಬ್ಬರ ಮೇಲೊಬ್ಬರು ಒರಗಿ ನಕ್ಕರು. ನಾದಿನಿ ಮೊಣಕಾಲುದ್ದ ನೀರಿಗೆ ಇಳಿದು ತಬ್ಬಿಕೊಂಡಳು.

“ಇನ್ಮೇಲೆ ಹಾಗೆ ಕರೆಯಲ್ಲ ಅತ್ತಿಗೆ.”

“ಕರಿ ಬಿಡೇ. ಈಗ ಆ ಪದಕ್ಕೆ ನಾನು ಬೇರೆ ಅರ್ಥ ಕೊಟ್ಟಾಯ್ತಲ್ಲ.”

ಗಂಡ ಕನ್ನಡಕ ಒರೆಸುತ್ತ ನಿಂತಿದ್ದ. ಈ ಸಲ ಪದ ತಿದ್ದಲು ಹೋಗದೆ ಹೆಂಡತಿಗೆ ಟವೆಲ್ ಹೊದಿಸಿದ.

ಮುಂದಿನ ವಾರದಿಂದ ಟೀಚರು ಶಾಲೆಯ ಮಕ್ಕಳಿಗೆ, “ಶುರುವಲ್ಲಿ ಜುಗ್ಗತನ ಮಾಡ್ರೋ!” ಎಂದು ಕೂಗುವುದು ಕೆರೆಯ ಮೇಲೆಲ್ಲ ಕೇಳುತ್ತಿತ್ತು. ಬೀದಿಯ ಹೆಂಗಸರೂ ಕಲಿಯಲು ಬಂದರು. ಜುಗ್ಗಕ್ಕ ಸೊಂಟದುದ್ದ ನೀರಿನಲ್ಲಿ ನಿಂತು, ಹೆದರಿದವರ ಬೆನ್ನಡಿ ಅಂಗೈ ಕೊಟ್ಟು, “ನಾನಿದೀನಿ, ಮೈ ಸಡಿಲ ಬಿಡು,” ಎನ್ನುತ್ತ ಒಬ್ಬೊಬ್ಬರನ್ನೇ ತೇಲಿಸುತ್ತಿದ್ದಳು.