ಕೋಡಿಗೆ ಸಿಕ್ಕಿಬಿದ್ದ ಹಂಸದ ಬೋಟು

ಗೆಳೆಯರೇ, ಇವತ್ತು ನನ್ನ ಬಟ್ಟೆಯ ಕೆಸರು ಯಾವ ಸೋಪಿಗೂ ಹೋಗುತ್ತಿಲ್ಲ, ಕಾರಣ ಕೇಳಿ. ನಮ್ಮ ಮುಧೋಳ ಕಡೆಯ ಕೆರೆಯಲ್ಲಿ ಹಂಸದ ಆಕಾರದ ಬೋಟೊಂದಿದೆ. ರಾತ್ರಿಯ ಮಳೆಗೆ ಅದು ಹಗ್ಗ ಕಳಚಿಕೊಂಡು ತೇಲಿಹೋಗಿ, ಹೆಚ್ಚಾದ ನೀರು ಹೊರಹೋಗುವ ಕೋಡಿಯ ಬಾಯಿಗೆ ಅಡ್ಡ ಕೂತುಬಿಟ್ಟಿತ್ತು. ಬೆಳಗ್ಗೆ ನೋಡಿದರೆ ನೀರು ವಾಕಿಂಗ್ ದಾರಿ ದಾಟಿ ಮಲ್ಲವ್ವನ ಚಹಾದಂಗಡಿಗೆ ಬಂದಿತ್ತು.

ಮಲ್ಲವ್ವ ಕೊಡಲಿ ಹಿಡಿದು ನಿಂತಿದ್ದಳು. "ಒಡದ ಹಾಕ್ತೇನಿ ಇದನ್ನ! ನನ್ನ ಅಂಗಡಿ ಮುಳಗಾಕತ್ತೈತಿ!"

ಬೋಟು ನಡೆಸುವ ಸಿದ್ದಪ್ಪ ಕೈಮುಗಿದ. "ಬ್ಯಾಡ ಬೇ ಯಕ್ಕಾ, ಇರೂದ ಒಂದ ಹಂಸ ಐತಿ. ಜಗ್ಗಿ ತಗೀತೇನಿ."

ಅವನು ಬೋಟಿಗೆ ಕಟ್ಟಿದ ಹಗ್ಗವನ್ನು ವಾಕಿಂಗಿಗೆ ಬಂದವರೆಲ್ಲ ಹಿಡಿದೆವು. ಕೊಡಲಿ ಬಿಸಾಡಿ ಮಲ್ಲವ್ವನೂ ಬಂದಳು. "ಜೋರ ಜಗ್ಗ್ರಿ, ರೊಟ್ಟಿ ತಿನ್ನೂದಿಲ್ಲೇನ್ರಿ ನೀವು?" ಎಂದು ನಮ್ಮನ್ನೇ ಬೈದಳು. ಹಂಸ ಒಮ್ಮೆಲೇ ಕಿತ್ತು ಬಂತು, ನಾವೆಲ್ಲ ಕೆಸರಿನಲ್ಲಿ ಅಂಗಾತ ಬಿದ್ದೆವು. ನೀರು ಧೋ ಎಂದು ಹೊರಟಿತು. ಬಿದ್ದಲ್ಲೇ ನಗತೊಡಗಿದವರು ಬಹಳ ಹೊತ್ತು ಏಳಲಿಲ್ಲ.

ಸಂಜೆ ನೀರಿಳಿದು ಕೆರೆ ಶಾಂತವಾಯಿತು. ಮಲ್ಲವ್ವ ಮತ್ತೆ ಒಲೆ ಹೊತ್ತಿಸಿ ನಮಗೆಲ್ಲ ಚಹಾಕ್ಕಿಟ್ಟಾಗ ಸಿದ್ದಪ್ಪ ಕರೆದ. "ಯಕ್ಕಾ, ಇಷ್ಟ ವರ್ಷ ದಂಡಿ ಮ್ಯಾಲ ಚಾ ಮಾರೀದಿ, ಒಮ್ಮೇನೂ ಬೋಟ್ ಹತ್ತಿಲ್ಲ. ಬಾ."

ಮಲ್ಲವ್ವ ನಾಚುತ್ತಲೇ ಲೈಫ್ ಜಾಕೆಟ್ ಹಾಕಿಕೊಂಡು ಕೂತಳು. ಕೆರೆಯ ನಡುವೆ ಹೋದ ಮೇಲೆ ದಂಡೆಯಲ್ಲಿದ್ದ ನಮ್ಮತ್ತ ಅಲ್ಲಿಂದಲೇ ಕೂಗಿದಳು, "ಏ, ಒಲಿ ಮ್ಯಾಲ ಚಾ ಉಕ್ಕಾಕತ್ತಿರಬೇಕು, ಇಳಸ್ರೋ! ನಾ ಇನ್ನೊಂದ ಸುತ್ತ ಹಾಕಿ ಬರ್ತೇನಿ!"

ಹಾಗಾಗಿ ಇವತ್ತು ಚಹಾ ನಾವೇ ಸೋಸಿಕೊಂಡು ಕುಡಿದೆವು. ಸುತ್ತಲೂ ಸಕ್ಕರೆ ಕಾರ್ಖಾನೆಗಳಿರುವ ಊರಿನವರು, ಸಕ್ಕರೆ ಹಾಕುವುದನ್ನೇ ಮರೆತಿದ್ದೆವು.