ಉರಿಯುತ್ತಲೇ ಇದ್ದ ಕಂದೀಲು

ಎಂಜಿನ್ನಿನ ಸದ್ದು ಕೇಳಿದರೆ ಇಂದಿಗೂ ನನ್ನ ಎದೆ ಝಲ್ಲೆನ್ನುತ್ತದೆ. ಮೊಮ್ಮಕ್ಕಳು ನಗುತ್ತಾರೆ, ನಗಲಿ ಬಿಡಿ. ಬಿಳೂರಿನ ನಮ್ಮ ಹೊಲದ ಬಾವಿಗೆ ಚಿಮಣಿ ಎಣ್ಣೆಯ ಎಂಜಿನ್ ಬಂದಾಗ ನನಗೆ ಹದಿನೆಂಟು, ಮದುವೆಯಾಗಿ ಎರಡು ವರ್ಷ. ಅಲ್ಲಿಯವರೆಗೆ ಎತ್ತು ಹೂಡಿ, ಚರ್ಮದ ಚೀಲದಲ್ಲಿ ನೀರೆತ್ತುತ್ತಿದ್ದೆವು.

ಎಂಜಿನ್ ಕೂಡಿಸಲು ಜತ್ತದಿಂದ ಬಂದ ಮಿಸ್ತ್ರಿ ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ನನ್ನ ಯಜಮಾನರಿಗೆ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದರು. ಬಾಗಿಲ ಹಿಂದೆ ನಿಂತು ನಾನೂ ಕೇಳಿದೆ. ಪಂಪು ನೀರನ್ನು ಜಗ್ಗುವುದೇ ಇಲ್ಲವಂತೆ! ಕೊಳವೆಯೊಳಗಿನ ಗಾಳಿಯನ್ನು ತೆಗೆಯುತ್ತದೆ, ಅಷ್ಟೆ. ಹೊರಗಿನ ಗಾಳಿಯ ಭಾರವೇ ನೀರನ್ನು ಕೊಳವೆಯೊಳಗೆ ನೂಕುತ್ತದೆ. ಆ ಭಾರಕ್ಕೆ ಇಪ್ಪತ್ತು, ಇಪ್ಪತ್ತೈದು ಅಡಿಗಿಂತ ಹೆಚ್ಚು ಏರಿಸುವ ಶಕ್ತಿಯಿಲ್ಲ. ನಮ್ಮ ನೀರೋ ಬೇಸಿಗೆಯಲ್ಲಿ ಐವತ್ತು ಅಡಿ ಕೆಳಗೆ. ಅದಕ್ಕೇ ಬಾವಿಯೊಳಗೆ ನೀರಿನ ಸಮೀಪ ಕಟ್ಟೆ ಕಟ್ಟಿ, ಪಂಪನ್ನೂ ಎಂಜಿನ್ನನ್ನೂ ಅಲ್ಲೇ ಕೂಡಿಸಿದರು.

"ಹೊಗಿ ಕೊಳವಿ ಬಾವಿ ಮ್ಯಾಲಿನ ತನಕ ಹಾಕಸ್ರಿ ಅಣ್ಣಾರ," ಎಂದರು ಮಿಸ್ತ್ರಿ. "ಈ ಹೊಗ್ಯಾಗ ಒಂದು ವಿಷದ ಗಾಳಿ ಇರ್ತೈತ್ರಿ. ಬಣ್ಣಿಲ್ಲ, ವಾಸನಿಲ್ಲ. ದೀಪಾ ಆರಸೂದಿಲ್ಲ, ಮನಷ್ಯಾನ್ನ ಕೆಡವತೈತಿ."

"ಹಾಕಸೋಣ ತಗೋರಿ," ಎಂದರು ಯಜಮಾನರು. ಹಾಕಿಸಲಿಲ್ಲ.

ಒಂದು ಮುಂಜಾನೆ ಎಂಜಿನ್ ತಾಸುಗಟ್ಟಲೆ ಓಡಿ ನಿಂತುಬಿಟ್ಟಿತು. ನೋಡಿ ಬರುತ್ತೇನೆಂದು ಯಜಮಾನರು ಮೆಟ್ಟಿಲಿಳಿದು ಹೋದರು. ಮೇಲೆ ನಾನು, ಅತ್ತೆ, ಮಾವ, ಮೈದುನ. ಎಷ್ಟು ಕರೆದರೂ ಓ ಎನ್ನಲಿಲ್ಲ. ಬಗ್ಗಿ ನೋಡಿದರೆ ಎಂಜಿನ್ ಪಕ್ಕದಲ್ಲೇ ಬಿದ್ದಿದ್ದರು.

ಮೈದುನ ಇಳಿಯಲು ಓಡಿದ. ಮಾವ ತಡೆದರು. "ಮೊದಲ ಕಂದೀಲ ಬಿಡು!" ಹಾಳುಬಾವಿಗೆ ಇಳಿಯುವ ಮುಂಚೆ ಕಂದೀಲು ಬಿಡುವುದು ನಮ್ಮಲ್ಲಿ ಹಿರಿಯರ ಕಾಲದ ರೂಢಿ. ಆರಿದರೆ ಗಾಳಿ ಕೆಟ್ಟಿದೆ, ಉರಿದರೆ ಭಯವಿಲ್ಲ.

ಹೊಲದ ಗುಡಿಸಲಿನಲ್ಲಿದ್ದ ಕಂದೀಲನ್ನು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಅಯ್ಯೋ ಶಿವನೇ, ಎಷ್ಟು ಚಂದ ಉರಿಯುತ್ತಿತ್ತದು!

"ಗಾಳಿ ಚಲೋ ಐತಿ. ಲಗೂನ ಇಳಿ," ಎಂದರು ಮಾವ.

ಮಿಸ್ತ್ರಿ ಹೇಳಿದ್ದು ನನಗೆ ನೆನಪಾಯಿತು. ಸೊಸೆ ಮಾವನೆದುರು ಬಾಯಿ ತೆರೆಯುವಂತಿರಲಿಲ್ಲ. ಎರಡು ವರ್ಷದಲ್ಲಿ ನಾನು ಅವರೊಂದಿಗೆ ಒಂದು ಮಾತೂ ಆಡಿರಲಿಲ್ಲ. ಆದರೆ ಸುಳ್ಳೇಕೆ ಹೇಳಲಿ? ಸುಮ್ಮನಿದ್ದದ್ದು ಅದೊಂದಕ್ಕೇ ಅಲ್ಲ. ಇಳಿಯಬೇಡ ಎಂದುಬಿಟ್ಟರೆ ನನ್ನ ಗಂಡನನ್ನು ಮೇಲೆ ತರುವವರು ಯಾರು? ಆ ಹೆದರಿಕೆಯೂ ಇತ್ತು.

ಮೈದುನ ಇಳಿದ. ಅಣ್ಣನ ರಟ್ಟೆಗೆ ಕೈ ಹಾಕಿ ಎತ್ತಲು ಹೆಣಗಿದ. ಮೊಣಕಾಲೂರಿ ಕುಳಿತ. ಆಮೇಲೆ ಹಾಗೇ ವಾಲಿ, ಕಟ್ಟೆಯಿಂದ ಉರುಳಿ ನೀರಿಗೆ ಬಿದ್ದ.

ಮಾವ ಧೋತರ ಎತ್ತಿಕಟ್ಟಿ ಮೆಟ್ಟಿಲಿಗೆ ಕಾಲಿಟ್ಟರು. ಆಗ ನಾನು ಚೀರಿದೆ. "ಬ್ಯಾಡ್ರಿ ಮಾವಾರ! ಈ ಗಾಳಿಗೆ ದೀಪಾ ಆರೂದಿಲ್ರಿ! ಮಿಸ್ತ್ರಿ ಹೇಳ್ಯಾರ್ರಿ!" ಓಡಿಹೋಗಿ ಅವರ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಕೂಗು ಕೇಳಿ ಪಕ್ಕದ ಹೊಲದವರು ಓಡಿ ಬಂದರು. ಒಬ್ಬ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಉಸಿರು ಹಿಡಿದು ಇಳಿದು, ಯಜಮಾನರಿಗೆ ಇನ್ನೊಂದು ಹಗ್ಗ ಕಟ್ಟಿದ. ಮೇಲೆಳೆದು ಗಾಳಿಗೆ ಮಲಗಿಸಿ ಎಷ್ಟೋ ಹೊತ್ತಾದ ಮೇಲೆ ಅವರು ಕಣ್ಣು ಬಿಟ್ಟರು. ಮೈದುನನನ್ನು ನೀರಿನಿಂದ ತೆಗೆಯುವಾಗ ಮಧ್ಯಾಹ್ನವಾಗಿತ್ತು.

ಮಣ್ಣಿಗೆ ಬಂದ ಮಂದಿಯೆದುರು ಅತ್ತೆ ನನ್ನ ತಲೆ ಸವರಿದರು. "ಒಬ್ಬ ಮಗ ಹ್ವಾದ. ಆದ್ರ ಈಕಿ ಬಾಯಿ ಬಿಟ್ಟಳಂತ ನನ್ನ ತಾಳಿ ಉಳೀತ್ರೆವಾ," ಎಂದು ಅತ್ತರು.

ಮಿಸ್ತ್ರಿಯ ಮಾತನ್ನು ನಾನು ಯಾವಾಗ ಕೇಳಿದ್ದೆನೆಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.